ಔಷಧದ ನಂತರದ ದಾನ: ರಾಮನಗರ ಸೀಮೆಯಲ್ಲಿ ಮಾನಸಿಕ ಕಾಯಿಲೆ, ಉದ್ಯೋಗ ಮತ್ತು ನಮ್ಮ ಟ್ರಸ್ಟ್‌ಗಳ ಹಣ

ಮಾನಸಿಕ ಕಾಯಿಲೆಗೆ ಔಷಧ ಸಿಗುವ ಮಟ್ಟಿಗೆ ಹೇಳುವುದಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನ ರಾಜ್ಯದ ಬೇರೆ ಎಷ್ಟೋ ಕಡೆಯವರಿಗಿಂತ ಅದೃಷ್ಟವಂತರು. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಒಂದೆರಡು ಗಂಟೆಯ ಬಸ್ ದಾರಿ. ಕನಕಪುರದಲ್ಲಿ ನಿಮ್ಹಾನ್ಸ್‌ನವರೇ ಶಿಬಿರ ನಡೆಸುತ್ತ ಬಂದು ದಶಕಗಳಾದವು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಅಂದರೆ ಕಾಯಿಲೆ ಬಂದವನನ್ನು ವೈದ್ಯರ ಮುಂದೆ ಕೂರಿಸುವ ದಾರಿ ಇದೆ. ಆ ದಾರಿ ಎಲ್ಲರಿಗೂ ಗೊತ್ತಿಲ್ಲ, ಗೊತ್ತಿದ್ದವರೆಲ್ಲ ಹೋಗುವುದಿಲ್ಲ ಎಂಬುದು ಬೇರೆ ಮಾತು.

ದಾರಿ ನಿಲ್ಲುವುದು ಅದರ ನಂತರ. ಎರಡು ವರ್ಷ ಮಾತ್ರೆ ತೆಗೆದುಕೊಂಡು, ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಅಡಗಿ, ನಿದ್ದೆ ಸರಿಹೋಗಿ, ಮನೆಯವರ ಜತೆ ಊಟಕ್ಕೆ ಕೂರುವಂತಾದ ಮೂವತ್ತು ವರ್ಷದ ಮಗ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಇಲಾಖೆಯೂ, ಯಾವ ಬ್ಯಾಂಕೂ, ನಮ್ಮ ಯಾವ ಸಂಘವೂ ನೇರ ಉತ್ತರ ಇಟ್ಟುಕೊಂಡಿಲ್ಲ. ಹಣ ಇಲ್ಲವೆಂದಲ್ಲ. ಇರುವ ಹಣದ ಯಾವ ತಲೆಬರಹದಲ್ಲೂ ಈ ಕೆಲಸ ಬರುವುದಿಲ್ಲ.

ಮೊದಲು ಸಂಖ್ಯೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೀವ್ರ ಕಾಯಿಲೆ, ಅಂದರೆ ಸ್ಕಿಜೋಫ್ರೇನಿಯ, ಬೈಪೋಲಾರ್‌ನಂಥವು, ಶೇ. 0.8. ಕರ್ನಾಟಕ ಆ 12ರಲ್ಲಿ ಇರಲಿಲ್ಲ; ಆದರೂ ಆ ಸರಾಸರಿಯನ್ನೇ ಹಿಡಿದು ಲೆಕ್ಕ ಹಾಕಬಹುದು. 2011ರ ಜನಗಣತಿಯಲ್ಲಿ ರಾಮನಗರ ಜಿಲ್ಲೆಯ ಜನಸಂಖ್ಯೆ 10.82 ಲಕ್ಷ. ಅದರಲ್ಲಿ ಹತ್ತಕ್ಕೆ ಏಳು ಮಂದಿ ವಯಸ್ಕರೆಂದರೆ ಸುಮಾರು ಏಳೂವರೆ ಲಕ್ಷ, ಅದರ ಶೇ. 0.8 ಎಂದರೆ ಆರು ಸಾವಿರ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಊರಿನ ನೆಲದ ಬೆಲೆಯ ಬಗ್ಗೆ ಬಹಳ ಚರ್ಚೆಯಾಯಿತು. ಈ ಆರು ಸಾವಿರ ಜನರ ಬಗ್ಗೆ ಆಗಲಿಲ್ಲ.

ಇದು ಜೈನ ಸಮಾಜದ ಸುದ್ದಿತಾಣದಲ್ಲಿ ಚರ್ಚಿಸುವ ವಿಷಯವೇ ಎಂದು ಕೆಲವರು ಕೇಳಬಹುದು. 2011ರಲ್ಲಿ ರಾಜ್ಯದಲ್ಲಿ ನಾವು 4,40,280 ಮಂದಿ. ಈ ನಾಲ್ಕು ಊರುಗಳಲ್ಲಂತೂ ಬೆರಳೆಣಿಕೆಯ ಬೀದಿಗಳಲ್ಲಿದ್ದೇವೆ: ಪೇಟೆಯಲ್ಲಿ ಬಟ್ಟೆ, ಚಿನ್ನ, ಗಿರವಿ ಅಂಗಡಿಗಳನ್ನಿಟ್ಟ ಶ್ವೇತಾಂಬರ ಮನೆಗಳು, ಮಾಗಡಿ ತಾಲ್ಲೂಕಿನ ಸಂಕೀಘಟ್ಟದಂಥ ಬಸದಿಯ ಊರುಗಳಲ್ಲಿ ದಿಗಂಬರ ಮನೆಗಳು. ಚಿಕ್ಕ ಸಮಾಜ, ಒಳಗೊಳಗೇ ಸಂಬಂಧ. ಒಂದು ಮನೆಯಲ್ಲಿ ಒಬ್ಬನಿಗೆ ಮಾನಸಿಕ ಕಾಯಿಲೆ ಎಂದು ತಿಳಿದರೆ ತಂಗಿಯ ಮದುವೆ ನಿಲ್ಲುತ್ತದೆ ಎಂಬ ಭಯ ಕಲ್ಪನೆಯದಲ್ಲ. ಆದ್ದರಿಂದ ಕಾಯಿಲೆ ಮುಚ್ಚಿಡಲಾಗುತ್ತದೆ. ಆದರೆ ನಮ್ಮ ಮನೆಗಳು ಅವನನ್ನು ಬೀದಿಗೆ ಬಿಡುವುದೂ ಕಡಿಮೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಥಾನು ಮಡಿಸುತ್ತ, ಗೋದಾಮಿನ ಬೀಗ ತೆಗೆಯುತ್ತ, ಚಹಾ ತರುತ್ತ ಇರುವ ಚಿಕ್ಕಪ್ಪ ಅಥವಾ ದೊಡ್ಡಪ್ಪನ ಮಗ ಬಹಳ ಅಂಗಡಿಗಳಲ್ಲಿ ಇದ್ದಾನೆ. ಊಟಕ್ಕೆ, ಬಟ್ಟೆಗೆ ಕೊರತೆಯಿಲ್ಲ. ಸಂಬಳವಿಲ್ಲ, ಪಾಲಿನ ಪತ್ರದಲ್ಲಿ ಹೆಸರಿಲ್ಲ, ಭವಿಷ್ಯನಿಧಿ ಇಲ್ಲ. ಇದನ್ನು ಕ್ರೌರ್ಯ ಎನ್ನಲು ನನಗೆ ಮನಸ್ಸಿಲ್ಲ. ಸರ್ಕಾರ ಕಟ್ಟದ ಆಶ್ರಯವನ್ನು ಕುಟುಂಬ ಕಟ್ಟಿದೆ. ಆದರೆ ಅಣ್ಣತಮ್ಮಂದಿರು ಬೇರೆಯಾದ ದಿನ, ಇಲ್ಲವೇ ತಂದೆ ತೀರಿಕೊಂಡ ದಿನ ಆ ಆಶ್ರಯ ಯಾರ ಪಾಲಿಗೆ ಎಂದು ಗೊತ್ತಿರುವುದಿಲ್ಲ. ತಾಯಂದಿರು ಮುನಿಗಳ ಮುಂದೆ, ವೈದ್ಯರ ಮುಂದೆ ಕೇಳುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು?

ಆ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಅರ್ಧ ಉತ್ತರ ಮಾತ್ರ ಇದೆ: ಅವನ ಹೆಸರಿಗೆ ಒಂದು ಸಂಬಳ.

ಬೆಂಬಲಿತ ಉದ್ಯೋಗ ಎಂಬ ಮಾತಿನ ಅರ್ಥ ಇದಕ್ಕೆ ಹತ್ತಿರದ್ದು. ಹಳೆಯ ಕ್ರಮದಲ್ಲಿ ಪುನರ್ವಸತಿ ಎಂದರೆ ಮೊದಲು ತರಬೇತಿ, ಆಮೇಲೆ ಕೆಲಸ. ಮೇಣದಬತ್ತಿ, ಲಕೋಟೆ, ಫಿನಾಯಿಲ್ ಮಾಡಿಸುವ ಕೇಂದ್ರದಲ್ಲಿ ಎರಡು ವರ್ಷ, ಮೂರು ವರ್ಷ. ಹೊರಗಿನ ಕೆಲಸ ಮಾತ್ರ ಬರುವುದೇ ಇಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಇದನ್ನು ತಿರುಗಿಸಿದರು. ಕೆಲಸ ಬೇಕು ಎಂದವನಿಗೆ ಮೊದಲು ಕೆಲಸ, ಅದೂ ಎಲ್ಲರೂ ಮಾಡುವ ಮಾಮೂಲಿ ಜಾಗದಲ್ಲಿ, ಮಾಮೂಲಿ ಕೂಲಿಗೆ. ತರಬೇತಿ ಆ ಜಾಗದಲ್ಲೇ. ಜತೆಗೆ ಒಬ್ಬ ಉದ್ಯೋಗ ಸಹಾಯಕ: ಮಾಲೀಕನನ್ನು ಹುಡುಕುವವನು, ಮೊದಲ ವಾರ ಬಸ್ಸಿನಲ್ಲಿ ಜತೆ ಹೋಗುವವನು, ವೈದ್ಯರಿಗೆ ಫೋನ್ ಮಾಡಿ ಬೆಳಗಿನ ಮಾತ್ರೆಯಿಂದ ತೂಕಡಿಕೆ ಬರುತ್ತಿದೆ ಎಂದು ಹೇಳುವವನು, ಆರು ತಿಂಗಳಾದ ಮೇಲೆ ಗೈರುಹಾಜರಾದರೆ ಮನೆಗೆ ಹೋಗಿ ವಿಚಾರಿಸುವವನು. ಅವನ ಬೆಂಬಲಕ್ಕೆ ಕೊನೆಯ ದಿನಾಂಕ ಇರುವುದಿಲ್ಲ. ಹಲವು ದೇಶಗಳಲ್ಲಿ ನಡೆದ ಹೋಲಿಕೆ ಅಧ್ಯಯನಗಳಲ್ಲಿ ಹಳೆಯ ಕ್ರಮದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ, ಈ ಕ್ರಮದಲ್ಲಿ ಅರ್ಧದಷ್ಟು ಮಂದಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ, ಉದ್ಯೋಗಸ್ಥಳದ ಮಾನಸಿಕ ಆರೋಗ್ಯದ ಮಾರ್ಗಸೂಚಿ ತೀವ್ರ ಕಾಯಿಲೆಯವರಿಗೆ ಬೆಂಬಲಿತ ಉದ್ಯೋಗವನ್ನು ಶಿಫಾರಸು ಮಾಡಿತು.

ಗಮನಿಸಬೇಕಾದದ್ದು ಖರ್ಚಿನ ಸ್ವರೂಪ. ಇಲ್ಲಿ ಕಟ್ಟಡವಿಲ್ಲ, ಯಂತ್ರವಿಲ್ಲ. ಇರುವುದು ಒಬ್ಬ ಮನುಷ್ಯನ ಸಂಬಳ ಮತ್ತು ಬಸ್ ಚಾರ್ಜು. ನಮ್ಮ ದೇಶದ ಯಾವ ಯೋಜನೆಯೂ ಕೊಡಲು ಒಪ್ಪದ ಖರ್ಚು ಇದೊಂದೇ.

ಕಾನೂನು ಕೆಟ್ಟದಾಗಿಲ್ಲ. 1995ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯನ್ನು ವಿಕಲತೆ ಎಂದು ಒಪ್ಪಿಕೊಂಡರೂ ಸರ್ಕಾರಿ ನೌಕರಿಯ ಶೇ. 3ರ ಮೀಸಲಾತಿಯಿಂದ ಹೊರಗಿಟ್ಟಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಸರಿಪಡಿಸಿತು: 21 ಬಗೆಯ ವಿಕಲತೆ, ಶೇ. 4ರ ಮೀಸಲಾತಿ, ಅದರಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಕಲತೆ ಎಲ್ಲ ಸೇರಿ ಶೇ. 1. ಖಾಸಗಿಯವರು ತಮ್ಮ ನೌಕರರಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರನ್ನು ಇಟ್ಟುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹಧನ ಕೊಡಬೇಕು ಎಂದು 35ನೇ ಕಲಮು ಹೇಳುತ್ತದೆ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯೂ ಒಂದು ಕಾರಣವಾದ ನಡತೆಗೆ ಶಿಸ್ತುಕ್ರಮ ಜರುಗಿಸುವುದು ತಾರತಮ್ಯ ಎಂದಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದ್ದು, ಸಮಾಜದೊಳಗೆ ಬದುಕುವ ಹಕ್ಕನ್ನು ಕೊಟ್ಟಿದೆ.

ಹಣದ ಕಾಲುವೆಗಳನ್ನು ಹಿಡಿದು ಹೊರಟರೆ ಬೇರೆಯದೇ ಚಿತ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮದೇ ಬಳ್ಳಾರಿಯಲ್ಲಿ 1985ರಿಂದ ನಡೆದ ಪ್ರಯೋಗದ ಮೇಲೆ ಕಟ್ಟಿದ್ದು. ಅದರ ತಂಡದಲ್ಲಿ ಮನೋವೈದ್ಯ, ಮನಃಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ನರ್ಸ್ ಇದ್ದಾರೆ. ಉದ್ಯೋಗ ಸಹಾಯಕನ ಹುದ್ದೆ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆಗೆ ಮಾತ್ರ. ಮಾನಸಿಕ ಕಾಯಿಲೆ ಅದರೊಳಗೆ ಬರುವುದಿಲ್ಲ. ನಮ್ಮ ಜನ ಈ ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಹಾಕಿ ತಿರಸ್ಕೃತರಾಗುವುದು ಮಾಮೂಲು. ರಾಜ್ಯದ ಮಾನಸಧಾರಾ ಕೇಂದ್ರಗಳು ಹಗಲಿನ ಆರೈಕೆಗೆ ಒಳ್ಳೆಯವು, ಆದರೆ ಅವು ಜನರನ್ನು ಒಂದೆಡೆ ಕೂರಿಸುವ ಕೇಂದ್ರಗಳು. ಮಾಲೀಕರ ಬಾಗಿಲು ತಟ್ಟುವುದು ಅವುಗಳ ಕೆಲಸವಲ್ಲ. 1997ರಲ್ಲಿ ಸ್ಥಾಪನೆಯಾದ ವಿಕಲಚೇತನರ ರಾಷ್ಟ್ರೀಯ ಹಣಕಾಸು ನಿಗಮ ಮತ್ತು ರಾಜ್ಯದ ಆಧಾರ ಯೋಜನೆ ಸ್ವಂತ ಉದ್ಯೋಗಕ್ಕೆ ಸಾಲ ಕೊಡುತ್ತವೆ. ಸಾಲ ತೀರಿಸುವ ಒತ್ತಡ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಇನ್ನು 2008ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತಂದ ಪ್ರೋತ್ಸಾಹ ಯೋಜನೆ. ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳದ ವಿಕಲಚೇತನ ನೌಕರರ ಭವಿಷ್ಯನಿಧಿ ಮತ್ತು ಇಎಸ್‌ಐನಲ್ಲಿ ಮಾಲೀಕರ ಪಾಲನ್ನು ಮೊದಲ ಮೂರು ವರ್ಷ ಸರ್ಕಾರವೇ ಕಟ್ಟುವುದು ಆರಂಭದಲ್ಲಿ ಅದರ ಸಾರವಾಗಿತ್ತು. 11ನೇ ಪಂಚವಾರ್ಷಿಕ ಯೋಜನೆಯ ಅವಧಿಗೆ 1,800 ಕೋಟಿ ರೂಪಾಯಿ, ವರ್ಷಕ್ಕೆ 1 ಲಕ್ಷ ಉದ್ಯೋಗದ ಗುರಿ. ಗುರಿಯ ಹತ್ತಿರಕ್ಕೂ ಅದು ಬರಲಿಲ್ಲ. ಕಾರಣ ಹುಡುಕಲು ಚನ್ನಪಟ್ಟಣದ ಪೇಟೆಬೀದಿಯಲ್ಲಿ ಒಮ್ಮೆ ನಡೆದರೆ ಸಾಕು. ಭವಿಷ್ಯನಿಧಿ ಕಡ್ಡಾಯವಾಗುವುದು 20 ನೌಕರರಿಂದ, ಇಎಸ್‌ಐ 10 ನೌಕರರಿಂದ. ನಾಲ್ಕು ಹುಡುಗರನ್ನು ಇಟ್ಟುಕೊಂಡ ಅಂಗಡಿಗೆ ಅವೆರಡೂ ಇಲ್ಲ. ಇಲ್ಲದ ಕಂತನ್ನು ಸರ್ಕಾರ ಕಟ್ಟಿದರೇನು, ಬಿಟ್ಟರೇನು? ದೊಡ್ಡ ಕಾರ್ಖಾನೆಗೆ ಆ ಮೊತ್ತ ಚಿಕ್ಕದು. ಇಬ್ಬರಿಗೂ ಬೇಕಾದದ್ದು, ಹುಡುಗ ನಾಳೆ ಬಾರದಿದ್ದರೆ ಯಾರಿಗೆ ಫೋನ್ ಮಾಡಲಿ ಎಂಬುದಕ್ಕೆ ಒಂದು ನಂಬರು. ಅದಕ್ಕೆ ಯೋಜನೆಯಲ್ಲಿ ಹಣವಿಲ್ಲ.

ಮಾಸಾಶನದ್ದು ಇನ್ನೊಂದು ತೊಡಕು. ಮಾನಸಿಕ ಕಾಯಿಲೆಯ ವಿಕಲತೆಯನ್ನು ಅಳೆಯಲು ಬಳಸುವ ಐಡಿಯಾಸ್ ಎಂಬ ಮಾಪನದಲ್ಲಿ ನಾಲ್ಕು ಅಂಶಗಳಿವೆ: ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಅದಕ್ಕೆ ಕಾಯಿಲೆಯ ಅವಧಿಯ ಅಂಕ ಸೇರಿ ಶೇಕಡಾವಾರು ಬರುತ್ತದೆ. ಶೇ. 40 ದಾಟಿದರೆ ಕಾಯ್ದೆಯ ಸೌಲಭ್ಯ, ಕೇಂದ್ರದ ಪಿಂಚಣಿಗೆ ಶೇ. 80 ಬೇಕು, ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಈಗ ಯೋಚಿಸಿ. ಹುಡುಗ ಕೆಲಸಕ್ಕೆ ಹೋಗತೊಡಗಿದರೆ ಕೆಲಸದ ಅಂಕ ಇಳಿಯುತ್ತದೆ, ಒಡನಾಟದ್ದೂ ಇಳಿಯುತ್ತದೆ. ಮುಂದಿನ ನವೀಕರಣದಲ್ಲಿ ಪ್ರಮಾಣಪತ್ರ ಹೋಗಬಹುದು, ಅದರೊಡನೆ ಮಾಸಾಶನ, ಬಸ್ ಪಾಸು. ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿ ಕೆಲಸ ಬಿಟ್ಟರೆ ಮತ್ತೆ ಮೊದಲಿನಿಂದ ಅಲೆದಾಟ. ಕೈಯಲ್ಲಿರುವ ಚಿಕ್ಕ ಮೊತ್ತವನ್ನು ಬಿಟ್ಟು ನಂಬಿಕೆಯಿಲ್ಲದ ದೊಡ್ಡ ಮೊತ್ತಕ್ಕೆ ಕೈಚಾಚಬೇಡ ಎಂದು ಮನೆಯವರು ಹೇಳಿದರೆ ಅದು ಸೋಮಾರಿತನವಲ್ಲ, ಲೆಕ್ಕಾಚಾರ. ಕೆಲಸಕ್ಕೆ ಸೇರಿದವರ ಪ್ರಮಾಣಪತ್ರವನ್ನು ಕನಿಷ್ಠ ಎರಡು ವರ್ಷ ಮುಟ್ಟಬಾರದು ಎಂಬ ಒಂದು ಸಾಲಿನ ಆದೇಶ, ಖಜಾನೆಗೆ ಹೆಚ್ಚಿನ ಹೊರೆಯಿಲ್ಲದೆ, ಎಷ್ಟೋ ತರಬೇತಿ ಕೇಂದ್ರಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಸರ್ಕಾರ ಆ ಆದೇಶ ಹೊರಡಿಸುವ ತನಕ ಕಾಯುವುದಾದರೆ ಈ ಲೇಖನದ ಅಗತ್ಯವಿರಲಿಲ್ಲ. ಉದ್ಯೋಗ ಸಹಾಯಕನ ಖರ್ಚು ನಮ್ಮ ಟ್ರಸ್ಟ್‌ಗಳ ಅಳತೆಯೊಳಗಿದೆ. ಒಬ್ಬ ಸಹಾಯಕ ಒಂದು ಕಾಲಕ್ಕೆ 20 ಜನರಿಗಿಂತ ಹೆಚ್ಚು ನೋಡಬಾರದು ಎಂಬುದು ಆ ಕ್ರಮದ ನಿಯಮ. ತಿಂಗಳಿಗೆ 25,000 ಸಂಬಳ, 5,000 ಓಡಾಟ ಮತ್ತು ಫೋನ್ ಎಂದು ಹಿಡಿಯಿರಿ, ವರ್ಷಕ್ಕೆ 3.6 ಲಕ್ಷ. ನಾಲ್ಕು ತಾಲ್ಲೂಕಿಗೆ ನಾಲ್ವರು ಎಂದರೆ 14.4 ಲಕ್ಷ. ಅವರ ಮೇಲೆ ಅನುಭವಸ್ಥ ಸಮಾಜ ಕಾರ್ಯಕರ್ತರೊಬ್ಬರು ತಿಂಗಳಿಗೆ 35,000ದಂತೆ 4.2 ಲಕ್ಷ. ಒಟ್ಟು 18.6 ಲಕ್ಷ, 80 ಜನರಿಗೆ. ಒಬ್ಬರಿಗೆ ತಿಂಗಳಿಗೆ ಎರಡು ಸಾವಿರಕ್ಕಿಂತ ಕಡಿಮೆ. ಹೊರದೇಶದಂತೆ ಅರ್ಧದಷ್ಟು ಜನಕ್ಕೆ ಕೆಲಸ ಸಿಗುತ್ತದೆ ಎಂದು ಆಸೆಪಡುವುದು ಬೇಡ, ಮೂರರಲ್ಲಿ ಒಬ್ಬರಿಗೆ ಎನ್ನೋಣ. 26 ಮಂದಿ ತಿಂಗಳಿಗೆ 8,000 ರೂಪಾಯಿ ದುಡಿದರೂ ವರ್ಷಕ್ಕೆ ಸುಮಾರು 25 ಲಕ್ಷ ಆ ಮನೆಗಳಿಗೆ ಹೋಗುತ್ತದೆ. ಇದು ನನ್ನ ಅಂದಾಜಿನ ಲೆಕ್ಕ, ಯಾವ ಇಲಾಖೆಯದೂ ಅಲ್ಲ. ಸಂಬಳದ ಅಂಕಿ ಬದಲಿಸಿ ನೀವೇ ಮಾಡಿ ನೋಡಬಹುದು. ಶೇ. 7ರ ಬಡ್ಡಿಯಲ್ಲಿ ಈ 18.6 ಲಕ್ಷ ಶಾಶ್ವತವಾಗಿ ಬರಬೇಕಾದರೆ ಪುದುವಟ್ಟು ನಿಧಿ 2.66 ಕೋಟಿ ಬೇಕು. ಅದು ದೊಡ್ಡದು. ಒಂದೇ ತಾಲ್ಲೂಕಿನಲ್ಲಿ ಒಬ್ಬರೇ ಸಹಾಯಕರನ್ನು ಮೂರು ವರ್ಷ ಇಡಲು 10.8 ಲಕ್ಷ ಸಾಕು. ಅದು ದೊಡ್ಡದಲ್ಲ.

ಕಂಪನಿಗಳ ಸಿಎಸ್‌ಆರ್ ಹಣವಿಲ್ಲವೇ ಎಂದರೆ, ಇದೆ. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೋಟ ಕಿರ್ಲೋಸ್ಕರ್ ಸೇರಿದಂತೆ ದೊಡ್ಡ ಕಾರ್ಖಾನೆಗಳಿವೆ, ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಕಲಚೇತನರ ಉದ್ಯೋಗ ಕೌಶಲ ಮತ್ತು ಜೀವನೋಪಾಯ ಸ್ಪಷ್ಟವಾಗಿ ಸೇರಿದೆ. ತೊಂದರೆ ಬೇರೆಡೆ ಇದೆ. ಸಿಎಸ್‌ಆರ್ ನಿಯಮದಲ್ಲಿ ಮುಂದುವರಿಯುವ ಯೋಜನೆ ಎಂದರೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಕಾಯಿಲೆ ಹಾಗೆ ಮೂರು ವರ್ಷಕ್ಕೆ ಮುಗಿಯುವುದಿಲ್ಲ, ಬೆಂಬಲವೂ ಮುಗಿಯಬಾರದು. ಆರಂಭಕ್ಕೆ ಕಂಪನಿ ಹಣ, ನಾಲ್ಕನೇ ವರ್ಷದಿಂದ ಟ್ರಸ್ಟ್ ಹಣ ಎಂಬ ಜೋಡಣೆ ನನಗೆ ಸರಿಯೆನಿಸುತ್ತದೆ. ಮೂರನೇ ವರ್ಷದ ಕೊನೆಯಲ್ಲಿ 20 ಜನರ ಕೈಬಿಡುವುದು, ಆರಂಭಿಸದೇ ಇರುವುದಕ್ಕಿಂತ ಕೆಟ್ಟದ್ದು.

ಕರ್ನಾಟಕದಲ್ಲಿ ಇದಕ್ಕೆ ಬೇರುಗಳಿಲ್ಲವೆಂದೇನಲ್ಲ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮುದ್ರಣ, ನೇಯ್ಗೆಗಳಿವೆ, ಚೇತರಿಸಿಕೊಂಡವರೇ ನಡೆಸುವ ಕೆಫೆಯಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ, ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಪಡೆಯದವರದ್ದಕ್ಕಿಂತ ಕಡಿಮೆ ಎಂದು ತೋರಿಸಿತು. ದಾವಣಗೆರೆ ಜಿಲ್ಲೆಯಲ್ಲಿ 2016ರಿಂದ ಲಿವ್ ಲವ್ ಲಾಫ್ ಪ್ರತಿಷ್ಠಾನ, ಬೆಂಗಳೂರಿನ ಎಪಿಡಿ ಸಂಸ್ಥೆಯ ಜತೆ ಸೇರಿ ಹಳ್ಳಿಗಳಲ್ಲಿ ಔಷಧದೊಂದಿಗೆ ಪ್ರಮಾಣಪತ್ರ, ಪಿಂಚಣಿ, ಜೀವನೋಪಾಯದ ಕೆಲಸವನ್ನೂ ಕೈಗೆತ್ತಿಕೊಂಡಿತು.

ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ ಮಾದರಿ ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳೊಂದಿಗೆ ಆರಂಭಿಸಿದ ಈ ಸಂಸ್ಥೆಯ ತರಬೇತಿ ಚಿಕ್ಕದು, ಕೆಲವೇ ವಾರ. ಅದರ ನಿಜವಾದ ಬಲ ತರಬೇತಿಯ ನಂತರ ಎರಡು ವರ್ಷ ಕಲಿತವನ ಬೆನ್ನು ಹತ್ತುವುದರಲ್ಲಿದೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ದೇಶದಾದ್ಯಂತ ತಂದಿತು. ಬೆನ್ನು ಹತ್ತುವ ಆ ಎರಡು ವರ್ಷವನ್ನು ಹತ್ತು ವರ್ಷ ಮಾಡಿ, ಜತೆಗೆ ಮಾತ್ರೆಯ ಡಬ್ಬಿಯ ಕಡೆಗೂ ಒಂದು ಕಣ್ಣಿಟ್ಟರೆ ನಾವು ಹೇಳುತ್ತಿರುವುದು ಅದೇ.

ಈಗ ಕೆಲಸ ಯಾವುದು ಎಂಬ ವಿಷಯ. ಇಲ್ಲಿ ಶ್ರಾವಕರಿಗೆ ನಿಜವಾದ ಇಕ್ಕಟ್ಟಿದೆ, ಅದನ್ನು ದಾಟಿಕೊಂಡು ಹೋಗಬಾರದು. ರಾಮನಗರ ಎಂದರೆ ರೇಷ್ಮೆ. ಏಷ್ಯದಲ್ಲೇ ದೊಡ್ಡದೆನ್ನುವ ಗೂಡಿನ ಮಾರುಕಟ್ಟೆ ಇಲ್ಲಿದೆ. ಕನಕಪುರದ ಹಳ್ಳಿಗಳೂ ರೇಷ್ಮೆಯಿಂದಲೇ ಬದುಕಿವೆ. ಜೀವಂತ ಹುಳುವಿರುವ ಗೂಡನ್ನು ಕುದಿನೀರಿಗೆ ಹಾಕುವ ಕೆಲಸಕ್ಕೆ ಜೈನ ಟ್ರಸ್ಟ್ ಹಣ ಕೊಡಬಹುದೇ? ಕೊಡುವುದಿಲ್ಲ ಎಂದು ಹೆಚ್ಚಿನವರು ತಟ್ಟನೆ ಹೇಳುತ್ತಾರೆ. ಹಾಗಾದರೆ ಚನ್ನಪಟ್ಟಣದ ಗೊಂಬೆ? ಹಾಲೆ ಮರವನ್ನು ಕಡೆದು, ಅರಗು ಹಚ್ಚಿ ಮಾಡುವ, ಭೌಗೋಳಿಕ ಸೂಚ್ಯಂಕ ಪಡೆದ ಈ ಗೊಂಬೆ ಎಷ್ಟು ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ಅರಗು ಕೀಟದಿಂದ ಬರುವುದು, ಮತ್ತು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾ ವಾಣಿಜ್ಯ, ಅಂದರೆ ಅರಗಿನ ವ್ಯಾಪಾರವೂ ಒಂದು. ಜಿಲ್ಲೆಯ ಎರಡೂ ಹೆಸರಾಂತ ಕಸುಬುಗಳು ಕಟ್ಟುನಿಟ್ಟಿನ ಪಟ್ಟಿಯಲ್ಲಿ ಸಿಕ್ಕಿಬೀಳುತ್ತವೆ.

ಆದರೆ ಬೆಂಬಲಿತ ಉದ್ಯೋಗದ ಮೊದಲ ನಿಯಮವೇ ಕೆಲಸವನ್ನು ಆರಿಸುವವನು ಕೆಲಸಗಾರ ಎಂಬುದು. ತಾತನ ಕಾಲದಿಂದ ನೂಲು ಬಿಚ್ಚುತ್ತ ಬಂದ ಮನೆಯ ಹುಡುಗನಿಗೆ ಆ ಕೆಲಸವೇ ಗೊತ್ತಿರುವುದು, ಅದಕ್ಕೇ ಮರಳಲು ಅವನ ಇಚ್ಛೆ. ನನ್ನ ಅಭಿಪ್ರಾಯ ಇಷ್ಟು: ಟ್ರಸ್ಟ್ ತಾನಾಗಿ ರೀಲಿಂಗ್ ಘಟಕಕ್ಕೆ ಬಂಡವಾಳ ಹಾಕುವುದು ಬೇರೆ, ತನ್ನದೇ ಕಸುಬಿಗೆ ಮರಳುವ ಅನ್ಯಸಮಾಜದ ಯುವಕನ ಆರೋಗ್ಯವನ್ನು ಸಹಾಯಕನೊಬ್ಬ ವಿಚಾರಿಸುವುದು ಬೇರೆ. ಎರಡನೆಯದರಲ್ಲಿ ನಾವು ಕೊಡುತ್ತಿರುವುದು ಗೂಡಿಗೆ ನೀರಲ್ಲ. ಇದನ್ನು ಒಪ್ಪದ ಹಿರಿಯರಿದ್ದಾರೆ, ಅವರ ವಾದಕ್ಕೂ ತೂಕವಿದೆ. ನಿಧಿ ಸ್ಥಾಪಿಸುವ ಮೊದಲೇ ಪತ್ರದಲ್ಲಿ ಬರೆದು ತೀರ್ಮಾನಿಸಿಕೊಂಡರೆ ನಂತರ ಒಬ್ಬ ಬಡವನ ಮುಖದ ಮೇಲೆ ಅದನ್ನು ತೀರ್ಮಾನಿಸಬೇಕಾಗುವುದಿಲ್ಲ.

ಹಾಗೆ ನೋಡಿದರೆ ವೈದ್ಯಕೀಯ ಕಾರಣಕ್ಕೂ ಈ ಎರಡು ಕಸುಬುಗಳು ಎಲ್ಲರಿಗೂ ಹೊಂದುವುದಿಲ್ಲ. ರೀಲಿಂಗ್ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ; ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ ಎಂಟರವರೆಗೂ ಇಳಿಯದವರಿದ್ದಾರೆ. ಕಡೆಯುವ ಯಂತ್ರದ ಮುಂದೆ ತೂಕಡಿಸುವಂತಿಲ್ಲ, ಆದರೆ ಗೊಂಬೆ ಜೋಡಿಸುವುದು, ಎಣಿಸುವುದು, ಪ್ಯಾಕ್ ಮಾಡುವುದು ಸಾಧ್ಯ. ಉಳಿದಂತೆ ಕೆಲಸಗಳ ಕೊರತೆಯೇನಿಲ್ಲ: ಹಾರೋಹಳ್ಳಿಯ ಕಾರ್ಖಾನೆಗಳ ಉಗ್ರಾಣ, ಪೇಟೆಯ ಬಟ್ಟೆ ಅಂಗಡಿ, ಔಷಧದ ಅಂಗಡಿಯ ಗೋದಾಮು, ಶಾಲೆಯ ಗ್ರಂಥಾಲಯ. ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ದೊಡ್ಡ ಆವರಣವೇ ಇದೆ. ಅಷ್ಟು ದೊಡ್ಡ ಆವರಣದಲ್ಲಿ ತೋಟ, ಕ್ಯಾಂಟೀನ್, ಹಾಸ್ಟೆಲ್, ದಾಖಲೆ ಕೆಲಸಗಳು ಸೇರಿದರೆ ಐದಾರು ಜನರಿಗೆ ಅರ್ಧ ದಿನದ ಕೆಲಸ ಹುಡುಕುವುದು ಕಷ್ಟವಾಗಲಾರದು. ಇಟಲಿಯಲ್ಲಿ 1991ರ ಕಾನೂನಿನ ಪ್ರಕಾರ ಇಂಥ ಸಹಕಾರ ಸಂಘಗಳ ಕೆಲಸಗಾರರಲ್ಲಿ ಕನಿಷ್ಠ ಶೇ. 30ರಷ್ಟು ಮಂದಿ ಅವಕಾಶವಂಚಿತರು ಇರಬೇಕು. ಸ್ಥಳೀಯ ಸಂಸ್ಥೆಗಳು ಅವುಗಳಿಗೆ ಸ್ವಚ್ಛತೆ, ತೋಟಗಾರಿಕೆಯ ಗುತ್ತಿಗೆ ಕೊಡುತ್ತವೆ. ಕೆಲಸ ಕೊಡುವ ಅಧಿಕಾರ ಇರುವವರು ಗುತ್ತಿಗೆಯನ್ನೇ ದಾನದ ದಾರಿ ಮಾಡಿದ್ದು ಅದು.

ಇಲ್ಲೊಂದು ಮಾತು ಪಕ್ಕಕ್ಕೆ, ಆದರೆ ನಮ್ಮ ಮನೆಗಳಿಗೆ ಮುಖ್ಯ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ನೀರಿಲ್ಲದ ಉಪವಾಸ ಮಾಡಿದರೆ ದೇಹದಲ್ಲಿ ನೀರಿನಂಶ ಕಡಿಮೆಯಾಗಿ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ, ಅದು ವಿಷವಾಗುವ ಹಂತ ಮುಟ್ಟಬಹುದು. ಪರ್ಯೂಷಣ, ದಶಲಕ್ಷಣಗಳಿಗೆ ಮುಂಚೆ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಸೂರ್ಯಾಸ್ತದ ನಂತರ ನೀರೂ ಮುಟ್ಟದವರು ಮಲಗುವ ಹೊತ್ತಿನ ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡುವ ಬದಲು ಹೊತ್ತು ಬದಲಿಸಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಲಿ. ಹಲವು ಔಷಧಗಳಲ್ಲಿ ಅದು ಸಾಧ್ಯ. ಉದ್ಯೋಗ ಸಹಾಯಕನಿಗೆ ಇದೆಲ್ಲ ಗೊತ್ತಿರಬೇಕು. ಪೇಟೆಯ ಜೈನ ಅಂಗಡಿಗಳಲ್ಲಿ ಕೆಲಸ ತಪ್ಪುವುದು ಭಾದ್ರಪದದಲ್ಲಿ ಎಂದಾದರೆ ಕಾರಣ ಎಲ್ಲಿ ಹುಡುಕಬೇಕು ಎಂದು ಅವನಿಗೆ ತಿಳಿದಿರಬೇಕು.

ದಾನದ ಮಾತಿಗೆ ಬರೋಣ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಎಲ್ಲರೂ ಬಲ್ಲೆವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧಗಳ ಜತೆ ಉಪಕರಣ ಮತ್ತು ಆವಾಸವನ್ನು ಎಣಿಸುತ್ತಾರೆ. ಅಲ್ಲಿ ಮಾತು ವ್ರತಿಗಳ ಸೇವೆಯದ್ದು. ಅದನ್ನು ಗೃಹಸ್ಥನ ಉದ್ಯೋಗಕ್ಕೆ ಎಳೆಯುವುದು ನನ್ನ ವಿಸ್ತರಣೆ, ಪಂಡಿತರು ಕ್ಷಮಿಸಲಿ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಇಲ್ಲಿಗೆ ಹೊಂದಿಸಲು ಎಳೆದಾಟವೇ ಬೇಡ. ರೋಗಿಯನ್ನು ಕಂಡು ಹೇಸದಿರುವುದು ನಿರ್ವಿಚಿಕಿತ್ಸೆ. ದೆವ್ವ, ಮಾಟ ಎಂದು ಅಲೆಯದಿರುವುದು ಅಮೂಢದೃಷ್ಟಿ. ಮನೆಯವರ ಗುಟ್ಟನ್ನು ಬೀದಿಗೆ ಹಾಕದಿರುವುದು ಉಪಗೂಹನ. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಅದಕ್ಕೆ ಉದಾಹರಣೆಯಾದ ಶ್ರೇಣಿಕನ ಮಗ ವಾರಿಷೇಣ, ಮನಸ್ಸು ಹೊಯ್ದಾಡುತ್ತಿದ್ದ ಜತೆಯ ಮುನಿಯನ್ನು ಬೈದು ಅಟ್ಟದೆ ಕರೆದುಕೊಂಡು ತಿರುಗಿ ನಿಲ್ಲಿಸಿದವನು.

ಜೈನ ದಾನಿಗಳು ವಿಕಲಚೇತನರನ್ನು ಮರೆತವರೇನಲ್ಲ. 1975ರಲ್ಲಿ ಡಿ. ಆರ್. ಮೆಹ್ತಾ ಜೈಪುರದಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಕೃತಕ ಕಾಲು ಜಗತ್ತಿನಾದ್ಯಂತ ಹೋಗಿದೆ. ಕೃತಕ ಕಾಲು ಕೊಟ್ಟ ದಿನವೇ ಮನುಷ್ಯ ಎದ್ದು ನಡೆಯುತ್ತಾನೆ. ದಾನಿ ನೋಡುತ್ತಾನೆ, ಫೋಟೊ ಬರುತ್ತದೆ. ಮಾನಸಿಕ ಕಾಯಿಲೆಯ ಸಂಗತಿಯಲ್ಲಿ ಫೋಟೊ ತೆಗೆಯುವಂತಿಲ್ಲ, ಹೆಸರು ಹೇಳುವಂತಿಲ್ಲ, ಫಲಕ ಹಾಕಲು ಗೋಡೆಯೇ ಇಲ್ಲ. ವರ್ಷದ ವರದಿಯಲ್ಲಿ ಬರುವುದು ಇಂತಿಷ್ಟು ಮಂದಿ ಇಂತಿಷ್ಟು ತಿಂಗಳು ಕೆಲಸದಲ್ಲಿ ಉಳಿದರು ಎಂಬ ಒಂದು ಸಾಲು, ಅದರಲ್ಲೂ ಕೆಲವರು ಬಿಟ್ಟು ಹೋದರು ಎಂಬ ಇನ್ನೊಂದು ಸಾಲು. ಈ ಎರಡನೇ ಸಾಲನ್ನು ಓದಿಯೂ ಮುಂದಿನ ವರ್ಷದ ಚೆಕ್ ಬರೆಯುವ ಟ್ರಸ್ಟಿಗಳು ಬೇಕು.

ಇನ್ನೊಂದು ಸ್ಪಷ್ಟನೆ. ನಿಧಿ ಜೈನರಿಗೆ ಮಾತ್ರ ಎಂದು ಬರೆದರೆ ಅದು ನಡೆಯದು. ಒಂದು ಧರ್ಮದವರಿಗಷ್ಟೇ ಮೀಸಲಾದ ದತ್ತಿಗೆ ಆದಾಯ ತೆರಿಗೆಯ ದೇಣಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ತಾಲ್ಲೂಕಿನಲ್ಲಿ ಇಪ್ಪತ್ತು ಜೈನ ಫಲಾನುಭವಿಗಳು ಎಂದರೆ ಯಾರೆಂದು ಊರಿಗೇ ಗೊತ್ತಾಗುತ್ತದೆ. ನಮ್ಮ ಒಂದೆರಡು ಮನೆಗಳು ಎಲ್ಲರ ನಡುವೆ ಸೇರಿಕೊಂಡರಷ್ಟೇ ಅವುಗಳಿಗೆ ಮರೆ.

ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರ ಇಲಾಖೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು, ಮನೆಮನೆ ಬಲ್ಲವರು. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ವಿಕಲಚೇತನರಿಗೆ ತೆಗೆದಿಡಬೇಕು ಎಂಬ ನಿಯಮವೂ ಇದೆ. ಅದು ಸಾಮಾನ್ಯವಾಗಿ ಸಾಧನ ಸಲಕರಣೆಗೆ ಹೋಗುತ್ತದೆ, ಕೆಲಸಕ್ಕೆ ಹೋಗುವವರ ಬಸ್ ಖರ್ಚಿಗೂ ಕೇಳಬಹುದು. ಪ್ರಯೋಗವನ್ನು ಕನಕಪುರದಿಂದ ಆರಂಭಿಸುವುದು ಸೂಕ್ತ. ಶಿಬಿರದ ಹಳೆಯ ಪರಿಚಯವಿದೆ, ಹಾರೋಹಳ್ಳಿಯ ಕಾರ್ಖಾನೆಗಳು ಹತ್ತಿರ. ಟ್ರಸ್ಟ್ ಒಂದು ಮುಂದೆ ಬಂದರೆ ಮೊದಲ ಮೂರು ತಿಂಗಳು ಸಹಾಯಕನಿಗೆ ಯಾರನ್ನೂ ಕೆಲಸಕ್ಕೆ ಸೇರಿಸುವ ಗುರಿ ಕೊಡುವುದು ಬೇಡ. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಸರದಿಯ ಬಳಿ ಕೂತು, ವೈದ್ಯರ ಒಪ್ಪಿಗೆ ಪಡೆದು, ಬಂದವರನ್ನು ಒಬ್ಬೊಬ್ಬರಾಗಿ ಕಾಯಿಲೆ ಬರುವ ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳಲಿ. ಉಳಿದ ವಾರದ ದಿನಗಳಲ್ಲಿ ಪೇಟೆಯ ಮಾಲೀಕರನ್ನು ಕಂಡು, ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂದು ಕೇಳಲಿ. ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಎರಡನೇ ಸಹಾಯಕ ಬೇಕೇ, ಯಾವ ತಾಲ್ಲೂಕಿಗೆ ಎಂಬ ಮಾತು.